ಸ್ಕ್ರೂ ಎಣಿಸಿ ತಂದ ಲ್ಯಾಪ್‌ಟಾಪ್

೨೦೨೩ರ ಜೂನ್ ೧೨, ಸೋಮವಾರ ಬೆಳಿಗ್ಗೆ ಕುಮಟಾದಲ್ಲಿ ನನ್ನ ಅಕ್ಕನ ಲ್ಯಾಪ್‌ಟಾಪ್ ಕೆಟ್ಟು ನಿಂತಿತು. ಅದರೊಳಗೆ ತದಡಿಯ ಮೀನುಗಾರರ ಸಾವಿರದ ನೂರು ಪದಗಳಿದ್ದವು. ಬೇರೆಲ್ಲೂ ಇರಲಿಲ್ಲ.

ಅಕ್ಕ ನಿವೃತ್ತ ಕನ್ನಡ ಶಿಕ್ಷಕಿ. ಭಾವ ತದಡಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರು. ನಿವೃತ್ತಿಯ ನಂತರ ಅಕ್ಕ ಅವರ ಜೊತೆ ಬಂದರಿಗೆ ಹೋಗಿ ಕೂತು, ಬಲೆ, ಗಾಳಿ, ಕಡಲಿನ ಭರತಿ, ಮೀನುಗಳ ಕುರಿತ ಮಾತುಗಳನ್ನು ಕೇಳಿ ಬರೆದುಕೊಂಡು ಪದಕೋಶವೊಂದನ್ನು ಮಾಡುತ್ತಿದ್ದಳು. ಮುಖ್ಯವಾಗಿ ಪದ ಹೇಳುತ್ತಿದ್ದವರು ಮೂವರು. ಇಬ್ಬರಿಗೆ ಎಂಬತ್ತು ದಾಟಿತ್ತು. ಮೂರನೆಯವರು ವಯಸ್ಸು ಹೇಳಲು ಒಪ್ಪಿರಲಿಲ್ಲ.

ಲ್ಯಾಪ್‌ಟಾಪ್ ಹುಬ್ಬಳ್ಳಿಗೆ ಹೋಯಿತು. ಹತ್ತೊಂಬತ್ತು ದಿನಗಳ ಮೇಲೆ ಉತ್ತರ ಬಂತು. ರ್‍ಯಾಮ್, ಡಿಸ್ಕ್ ಎರಡನ್ನೂ ಬೋರ್ಡಿಗೇ ಬೆಸೆದಿದ್ದಾರೆ, ಬೋರ್ಡ್ ಸುಟ್ಟಿದೆ, ಹೊಸ ಬೋರ್ಡ್ ಹಾಕಬಹುದು, ಆದರೆ ಒಳಗಿದ್ದದ್ದು ಸಿಗುವುದಿಲ್ಲ.

"ತಲೆ ಬದ್ಲಿ ಮಾಡಿ ಕೊಡ್ತ್ರಂತೆ. ನೆನಪು ಮಾತ್ರ ಇರೂದಿಲ್ವಂತೆ," ಎಂದಳು ಅಕ್ಕ.

"ಅಂಥಾ ತಲೆ ನಂಗೂ ಒಂದು ಹೇಳು," ಎಂದರು ಭಾವ.

ಅಕ್ಕ ನಗಲಿಲ್ಲ. "ಆ ಅಜ್ಜಂದಿರ ಹತ್ರ ಎರಡನೇ ಸಲ ಕೇಳೂಕೆ ಆತದೆ. ಮೂರನೇ ಸಲಕ್ಕೆ ನಂಗೆ ಮುಖ ಇರೂದಿಲ್ಲ, ಅವ್ರು ಇರ್ತ್ರೋ ಇಲ್ವೋ. ಈ ತಾಲೂಕಿನೊಳಗೇ ಬಿಚ್ಚಿ ಸರಿ ಮಾಡೂಕೆ ಬರೂ ಮಷಿನ್ ಸಿಕ್ರೆ ಶುರು ಮಾಡ್ತೆ. ಇಲ್ಲಂದ್ರೆ ಬಿಟ್ಟೆ."

ಹೊನ್ನಾವರದಲ್ಲಿ ಕಾಲೇಜು ಉಪನ್ಯಾಸಕನಾಗಿರುವ ಅವಳ ಹಳೆಯ ವಿದ್ಯಾರ್ಥಿಯೊಬ್ಬ, ಉಚಿತವಾಗಿ ಸಿಗುವ ಲಿನಕ್ಸ್ ತಂತ್ರಾಂಶ ಬಳಸಿ ಎಂದ. ಹಳೆಯ ಮಷಿನ್ನಿನಲ್ಲೂ ಓಡುತ್ತದೆ, ಕನ್ನಡ ಟೈಪಿಂಗ್ ಅದರ ಜೊತೆಗೇ ಬರುತ್ತದೆ, ಹಾಕಿಕೊಡುವುದು ನನ್ನ ಕೆಲಸ ಎಂದ. ಮಷಿನ್ನಿನ ಆಯ್ಕೆ ಮಾತ್ರ ನಮ್ಮದು. ರ್‍ಯಾಮ್ ಮತ್ತು ಡಿಸ್ಕ್ ಕೈಯಲ್ಲಿ ಕೀಳಲು ಬರಬೇಕು, ವೈಫೈ ಚಿಪ್ ಲಿನಕ್ಸಿಗೆ ಪರಿಚಯದ್ದಾಗಿರಬೇಕು ಎಂದು ಎರಡು ಷರತ್ತು ಹೇಳಿದ. ಅಕ್ಕ ಚೀಟಿಯಲ್ಲಿ ಬರೆದುಕೊಂಡಳು.

ಜುಲೈ ತಿಂಗಳು ಬೋಟುಗಳೆಲ್ಲ ದಡಕ್ಕೆ ಬಂದು ಎಂಜಿನ್ ಬಿಚ್ಚಿಸಿಕೊಳ್ಳುವ ಕಾಲ. ಆದರೂ ಭಾವ ಒಂದು ದಿನ ಬಿಡುವು ಮಾಡಿಕೊಂಡರು. ಮೂವರೂ ಭಟ್ಕಳದ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಕಾಗದದಷ್ಟು ತೆಳ್ಳಗಿನದೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಭಾವ ಅದನ್ನು ಇಸಿದುಕೊಂಡು ಮೊದಲು ಬೋರಲು ಹಾಕಿದರು.

"ಇದಕ್ಕೆ ಸ್ಕ್ರೂ ಎಲ್ಲಿ?"

"ಸ್ಕ್ರೂ ಕಾಣೂದೇ ಇಲ್ಲ ಅಣ್ಣಾ. ಏಕ್‌ದಮ್ ಸಾಫ್. ಅದೇ ಇದರ ಚಂದ."

"ಸ್ಕ್ರೂ ಕಾಣ್ದಿದ್ ಎಂಜಿನ್ ತಕಂಡು ಸಮುದ್ರಕ್ಕೆ ಹೋದವ್ರು ಈಜಿ ಬರಬೇಕು."

ಅಕ್ಕ ಚೀಟಿ ನೋಡಿ ಕೇಳಿದಳು: "ರ್‍ಯಾಮ್ ಬೆಸುಗೆ ಹಾಕಿದ್ದೋ?"

"ಗಟ್ಟಿ ಬೆಸುಗೆ ಅಕ್ಕಾ! ಹತ್ತು ವರ್ಷ ಆದ್ರೂ ಉದುರೂದಿಲ್ಲ!"

ನಾವು ಮೂವರೂ ಒಟ್ಟಿಗೆ ಎದ್ದೆವು. ಹೀಗೆ ಗಿರಾಕಿ ಏಳುವುದನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ. ಕೊನೆಗೆ ಒಳಗಿನ ಕಪಾಟಿನಿಂದ, ದುಬೈಯ ಯಾವುದೋ ಕಚೇರಿಯಲ್ಲಿ ದುಡಿದು ಬಂದ ಕಪ್ಪು ಲ್ಯಾಪ್‌ಟಾಪ್ ಒಂದನ್ನು ತಂದಿಟ್ಟರು. ಮೇಜು ಸದ್ದು ಮಾಡಿತು.

"ದಪ್ಪ ಇದೆ. ನಿಮಗೆ ತೋರಿಸೂಕೆ ನಂಗೇ ನಾಚ್ಕೆ."

ಭಾವ ಅದನ್ನೂ ಬೋರಲು ಹಾಕಿ ಗಟ್ಟಿಯಾಗಿ ಎಣಿಸಿದರು. ಎಂಟು. ಕಿಸೆಯಿಂದ ತಮ್ಮದೇ ಸ್ಕ್ರೂಡ್ರೈವರ್ ತೆಗೆದರು.

"ಅಣ್ಣಾ, ತಗೊಳ್ಳೂಕೆ ಮೊದಲು ಬಿಚ್ಚೂಕೆ ಇಲ್ಲ."

"ನೀವು ಬಂಗಡೆ ತಕಂಬಾಗ ಕಿವಿ ಎತ್ತಿ ನೋಡೂದಿಲ್ವಾ?" ಎಂದಳು ಅಕ್ಕ.

ಅವರು ಭಟ್ಕಳದವರು. ಕಿವಿರು ಎತ್ತಿ ತಾಜಾ ಇದೆಯೋ ಎಂದು ನೋಡದೆ ಬಂಗಡೆ ಮೀನು ಕೊಳ್ಳುತ್ತೇನೆ ಎಂದು ಹೇಳುವಂತಿರಲಿಲ್ಲ. ಭಾವನ ಸ್ಕ್ರೂಡ್ರೈವರ್ ದೊಡ್ಡದಾಯಿತೆಂದು ತಾವೇ ಸಣ್ಣದೊಂದನ್ನು ಕೊಟ್ಟರು. ಒಳಗೆ ರ್‍ಯಾಮ್ ಬೇರೆ, ಡಿಸ್ಕ್ ಬೇರೆ, ಫ್ಯಾನ್ ಬೇರೆ ಇದ್ದವು. ಅಕ್ಕ ವೈಫೈ ಚಿಪ್ಪಿನ ಫೋಟೊ ಹೊನ್ನಾವರಕ್ಕೆ ಕಳಿಸಿದಳು. "ಪರಿಚಯದ್ದೇ," ಎಂದು ಉತ್ತರ ಬಂತು.

ಅದನ್ನೇ ಕೊಂಡು ಮರಳುವಾಗ ಹೊನ್ನಾವರದಲ್ಲಿ ಉಪನ್ಯಾಸಕನ ಮನೆಗೆ ಹೋಗಲು ಇಳಿದೆವು. ಚಹಾ ಕುಡಿದು ಮುಗಿಸಿ, ಎರಡನೇ ಚಹಾ ಬರುವುದರೊಳಗೆ ಪೆನ್‌ಡ್ರೈವಿನಿಂದ ಲಿನಕ್ಸ್ ಇಳಿದಿತ್ತು. ಅಕ್ಕ ಟೈಪ್ ಮಾಡಿದ ಮೊದಲ ಪದ 'ರಂಪಣಿ', ದಡಕ್ಕೆ ಎಳೆಯುವ ದೊಡ್ಡ ಬಲೆ. ಮರುವಾರದಿಂದ ಅವಳು ಮತ್ತೆ ಬಂದರಿಗೆ ಹೋದಳು. ವಯಸ್ಸು ಹೇಳದ ಅಜ್ಜ ಕೇಳಿದರಂತೆ: "ಎಂತ ಟೀಚರೇ, ಮೊದಲ ಸಲ ಹೇಳಿದ್ದು ತಪ್ಪಿತ್ತಾ?"

ಅಕ್ಟೋಬರಿನಲ್ಲಿ ಒಂದು ಭಾನುವಾರ ಹೊಸ ಲ್ಯಾಪ್‌ಟಾಪ್ ಮೂರು ಸಲ ಕೂಗಿ ಸುಮ್ಮನಾಯಿತು. ಆಗ ಪದಗಳು ನಾನೂರು ದಾಟಿದ್ದವು. ಅಕ್ಕ ನನಗೆ ಫೋನ್ ಮಾಡಿದಳು. ನಾನು ಹೋಗಿ ನೋಡುವಾಗ ಅವಳು ಪದಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಎಂಟು ಸ್ಕ್ರೂ ಬಿಚ್ಚಿದೆವು. ಪ್ರತಿಯೊಂದೂ ಬೆಣ್ಣೆಯಂತೆ ಬಂತು. ರ್‍ಯಾಮ್ ಕಿತ್ತಾಗ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಹಳದಿ ಗ್ರೀಸ್ ಇತ್ತು.

ಅಕ್ಕ ಗಂಡನ ಕಡೆ ತಿರುಗಿದಳು.

"ಉಪ್ಪು ಗಾಳಿ," ಎಂದರು ಭಾವ. "ಗ್ರೀಸ್ ಹಚ್ಚದಿದ್ರೆ ಸ್ಕ್ರೂ ತುಕ್ಕು ಹಿಡಿತದೆ."

"ಸ್ಕ್ರೂಗೆ ಆತು. ಇದಕ್ಕೆ ಎಂತಕ್ಕೆ?"

"ಅಲ್ಲೂ ಲೋಹ ಕಂಡ್ತು."

ತದಡಿಯಲ್ಲಿ ಗ್ರೀಸ್ ಹಚ್ಚದ ಬೋಲ್ಟನ್ನು ಯಾರೂ ಸಮುದ್ರಕ್ಕೆ ಕಳಿಸುವುದಿಲ್ಲ. ಉಪನ್ಯಾಸಕನಿಗೆ ಫೋನ್ ಮಾಡಿದೆವು. ಅವನು 'ಗ್ರೀಸ್' ಎಂಬುದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, "ಸ್ಪಿರಿಟಿನಲ್ಲಿ ಒರೆಸಿ, ಒಣಗಿದ ಮೇಲೆ ರಬ್ಬರಿನಲ್ಲಿ ಉಜ್ಜಿ. ಟೀಚರ್, ರಬ್ಬರ್ ಇದ್ಯಾ?" ಎಂದ.

"ರಬ್ಬರ್ ಇದ್ಯಾ ಅಂತ ನನ್ನ ಹತ್ರ ಕೇಳ್ತ್ಯಾ? ಎಂಟನೇ ಕ್ಲಾಸಲ್ಲಿ ನಿನ್ನ ಕೈಯಿಂದ ಕಿತ್ಕಂಡಿದ್ದೇ ಇದೆ!"

ಡಬ್ಬಿಯಲ್ಲಿ ಏಳು ರಬ್ಬರ್ ಇದ್ದವು. ಅಕ್ಕ ಉಜ್ಜಿದಳು. ರ್‍ಯಾಮ್‌ ಕೂರಿಸುವ ಸಂದಿಯನ್ನು ನಾನು ಹಳೆಯ ಬ್ರಷ್‌ ಸ್ಪಿರಿಟಿನಲ್ಲಿ ಅದ್ದಿ ತಿಕ್ಕಿದೆ. ಭಾವನಿಗೆ ಟಾರ್ಚ್ ಹಿಡಿಯುವ ಕೆಲಸ ಮಾತ್ರ ಕೊಡಲಾಯಿತು. ಐವತ್ತು ನಿಮಿಷಗಳ ನಂತರ ಮಷಿನ್ ಎದ್ದಿತು. ಪದಗಳೆಲ್ಲ ಇದ್ದವು. ಹುಬ್ಬಳ್ಳಿಗೆ ಏನೂ ಹೋಗಲಿಲ್ಲ.

ಕಳೆದ ವಾರ ಅಕ್ಕ ತಿಳಿಸಿದಂತೆ ಪದಗಳ ಸಂಖ್ಯೆ ಸಾವಿರದ ನೂರ ಒಂದು. ಪ್ರತಿಗಳು ಹೊನ್ನಾವರದಲ್ಲೊಂದು, ನನ್ನಲ್ಲೊಂದು ಇವೆ. ಹೊಸದಾಗಿ ಸೇರಿದ ಪದ 'ಗಿರೀಸು'. ಅರ್ಥ: ಬೋಟಿನಲ್ಲಿ ಎಲ್ಲ ಕಡೆ ಹಚ್ಚತಕ್ಕದ್ದು, ಮನೆಯೊಳಗೆ ಕೇಳಿ ಹಚ್ಚತಕ್ಕದ್ದು. ಅರ್ಥದ ಎರಡನೇ ಭಾಗವನ್ನು ಭಾವ ಇನ್ನೂ ಒಪ್ಪಿಲ್ಲ.