ಮಲ್ಕಮ್ಮ ಕಲಿಸಿದ ಭಾಷಣ

ಆಳಂದದ ನೇಕಾರ ಓಣ್ಯಾಗ ಮಲ್ಕಮ್ಮನ ಬಾಯಿಗಿ ಹೆದರಲಾರದವರು ಯಾರೂ ಇರ್ಲಿಲ್ಲ. ಕಿಣ್ಣಿ ಸುಲ್ತಾನ ಅನ್ನೂ ಹಳ್ಳಿಯಿಂದ ಸೊಸಿಯಾಗಿ ಬಂದಾಗ ಆಕಿಗಿ ಸೀರಿ ಉಡಾಕ ನೆಟ್ಟಗ ಬರ್ತಿರ್ಲಿಲ್ಲ, ಬಯ್ಯಾಕ ಮಾತ್ರ ಛೊಲೊ ಬರ್ತಿತ್ತು ಅಂತ ಅತ್ತಿ ಸಾಯೂತನ ಹೇಳ್ತಿದ್ದಳು. ಆದ್ರ ಒಂದು ಮಾತು, ಆಕಿ ಸುಮ್ಮಸುಮ್ಮನ ಸಿಟ್ಟಿಗೇಳೂ ಹೆಣ್ಮಗಳಲ್ಲ. ನೂಲು ಬಿಡಿಸೂದು, ನೂಲಿಗಿ ಹಚ್ಚೂ ಗಂಜಿ ಕಾಸೂದು, ರಾಟಿ ತಿರುವಿ ಕಂಡಿಕಿಗಿ ನೂಲು ಸುತ್ತೂದು, ಎಲ್ಲಾ ಆಕೀದೇ. ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕೂಡೂದೊಂದು ಗಂಡ ಶಿವರಾಯಂದು. ಸೀರಿ ಛೊಲೊ ಬಂತಂದ್ರ ಹೆಸರು ಶಿವರಾಯಂದು, ಎಳಿ ಹರೀತಂದ್ರ ತಪ್ಪು ಮಲ್ಕಮ್ಮಂದು. ಇಷ್ಟು ವರ್ಷ ಹಿಂಗ ಬಾಳ್ವೆ ಮಾಡಿದವರಿಗಿ ಸಿಟ್ಟು ಬರಲಾರದ ಮತ್ತೇನು ಬರ್ತದರಿ?

ಅದು ದೊಡ್ಡ ಯುದ್ಧದ ಕಾಲ. ನೂಲಿಗಿ ಕಂಟ್ರೋಲ್ ಬಂದಿತ್ತು. ಆಳಂದದ ಮಗ್ಗಗಳಿಗಿ ಸರ್ಕಾರ ಕೊಡೂ ನೂಲೆಲ್ಲಾ ದತ್ತಪ್ಪ ಸಾವ್ಕಾರನ ಪರ್ಮಿಟ್ ಮ್ಯಾಲೇ ಬರಬೇಕು, ಅವನ ಕೈಯಿಂದಲೇ ಹಂಚಬೇಕು. ನೂಲಿನ ಗಂಟು ಅವನ ಗೋದಾಮಿನ ಒಳಗ ಹೋಗೂದನ್ನ ಊರು ಕಣ್ಣಾರೆ ನೋಡ್ತಿತ್ತು. ಮಗ್ಗದವರು ಕೇಳಾಕ ಹೋದ್ರ, "ಬಂದಿಲ್ಲಪ್ಪ, ಬಂದ ಕೂಡ್ಲೇ ಕೊಡ್ತೀನಿ" ಅಂತಿದ್ದ. ಮಾಲು ಕಳ್ಳ ಬಜಾರಿಗಿ, ಸೊಲ್ಲಾಪುರದ ಕಡಿ ಹೋಗ್ತಿತ್ತು. ಓಣಿಯ ಮಗ್ಗ ಒಂದೊಂದಾಗಿ ನಿಂತವು. ಸೀರಿ ನೇಯೂ ಕೈಗಳು ಸಡಕಿನ ಕೆಲಸಕ್ಕ ಕಲ್ಲು ಒಡಿಯಾಕ ಹೋದವು. ಮಲ್ಕಮ್ಮನ ಮನಿಯ ಎರಡೂ ಮಗ್ಗದ ಮ್ಯಾಲ ಜೇಡರ ಬಲಿ ಕಟ್ಟಿತ್ತು, ಅದನ್ನ ನೋಡಿದಾಗೊಮ್ಮೆ ಆಕಿ ಹಲ್ಲು ಕಡೀತಿದ್ದಳು.

ಇಂಥಾದ್ರಾಗ ಒಂದು ಮಧ್ಯಾಹ್ನ ಶಿವರಾಯ ಮೀಸಿ ತಿರುವಿಕೋತ ಮನಿಗಿ ಬಂದ.

"ಮಲ್ಕಿ, ಕಲಬುರ್ಗಿಯಾಗ ನೇಕಾರರ ದೊಡ್ಡ ಪರಿಷತ್ತು ನಡಿತದಂತ. ರಾಯಚೂರು, ನಾರಾಯಣಪೇಟ, ಸೊಲ್ಲಾಪುರ, ಎಲ್ಲಾ ಕಡಿಯಿಂದ ಮಂದಿ ಬರ್ತಾರ. ಇಡೀ ಪ್ರಾಂತಕ್ಕ ದೊಡ್ಡ ಅಧಿಕಾರಿ, ಸುಬೇದಾರ ಸಾಹೇಬ್ರೂ ಬರ್ತಾರ. ಅಲ್ಲಿ ಮುಖ್ಯ ಭಾಷಣ ನಂದು!"

"ನಿಮ್ಮದಾ? ಯಾರು ಕರದ್ರು?"

"ದತ್ತಪ್ಪ ಸಾವ್ಕಾರ್ರು. ಅವರೇ ಸ್ವಾಗತ ಮಂಡಳಿಯವರು. 'ಹುಟ್ಟಿದಾಗಿಂದ ಮಗ್ಗದಾಗ ಇದ್ದಂವ ನೀನು, ನಿನ್ನ ಬಿಟ್ಟು ಯಾರು ಮಾತಾಡ್ಬೇಕು ಶಿವರಾಯ' ಅಂದ್ರು. ಏನು ಮಾತಾಡ್ಬೇಕನ್ನೂದೂ ಬರಿಸಿ ಇಟ್ಟಾರ. ದಿನಾ ಸಂಜಿಗಿ ಅಂಗಡಿಗಿ ಬಾ, ಗುಮಾಸ್ತ ಓದಿ ಬಾಯಿಪಾಠ ಮಾಡಸ್ತಾನ ಅಂದ್ರು."

ಓದಾಕ ಬರಲಾರದ ಶಿವರಾಯ ಗುಮಾಸ್ತ ಹೇಳಿಕೊಟ್ಟದ್ದನ್ನ ಅಲ್ಲೇ ಎದಿ ಸೆಟೆಸಿ ಒಪ್ಪಿಸಿದ. "ಮಹನೀಯರೇ! ಸರ್ಕಾರದ ಕೃಪೆಯಿಂದ ನಮ್ಮ ಪ್ರಾಂತದ ಪ್ರತಿ ಮಗ್ಗಕ್ಕೂ ನೂಲು ಸಕಾಲಕ್ಕೆ ಮುಟ್ಟುತ್ತಿದ್ದು, ನೇಕಾರ ಬಂಧುಗಳು ಸುಖದಿಂದ…"

ಮಲ್ಕಮ್ಮನ ಕೈಯಾಗಿದ್ದ ಮುಚ್ಚಳ ಗೋಡಿಗಿ ಹೋಗಿ ಬಡೀತು.

"ಸುಖದಿಂದ! ಯಾರ ಸುಖರಿ? ಆ ಮಗ್ಗದ ಕಡಿ ಹೊಳ್ಳಿ ನೋಡ್ರಿ. ಇದನ್ನ ಹೇಳಾಕ ಕಲಬುರ್ಗಿತನ ಹೋಗ್ಬೇಕಾ? ನಿಮ್ಮ ಬಾಯಿ ಏನು ಅವನ ಅಂಗಡಿ ಬಾಗಿಲಾ, ಬೇಕಾದಾಗ ತೆಗದು ಬೇಕಾದಾಗ ಮುಚ್ಚಾಕ?"

"ದೊಡ್ಡ ಮಂದಿ ಇರ್ತಾರ ಬೇ. ಜಗಳ ಮಾಡೂ ಜಾಗಾ ಅಲ್ಲದು."

"ದೊಡ್ಡ ಮಂದಿ ಇರೂದಕ್ಕೇ ಹೇಳ್ಬೇಕು. ಸುಬೇದಾರನ ಮುಂದ ಹೇಳಿದ್ರ ನಾಳಿಗಿ ಗೋದಾಮಿನ ಬೀಗ ತೆಗೀತದ. ಇಲ್ಲಂದ್ರ ಈ ಓಣಿ ಮಗ್ಗ ಒಲಿಗಿ ಹಾಕೂದೇ. ಕೂಡ್ರಿ ಇಲ್ಲಿ. ನಾ ಹೇಳಿಕೊಡ್ತೀನಿ."

ಅವತ್ತಿಂದ ಶಿವರಾಯನ ಬಾಯಾಗ ಎರಡು ಭಾಷಣ. ಸಂಜಿಗಿ ದತ್ತಪ್ಪನ ಅಂಗಡ್ಯಾಗ "ಮಹನೀಯರೇ", ಮುಂಜಾನೆ ಮನ್ಯಾಗ "ಅಣ್ಣಗೋಳ್ರ್ಯಾ, ನಮ್ಮ ನೂಲು ನಮಗ ಮುಟ್ಟವಲ್ದು." ಮಲ್ಕಮ್ಮ ರಾಟಿ ಮುಂದ ಕುಂತು ಹೇಳಿಸ್ತಿದ್ದಳು, ಸುತ್ತಾಕ ನೂಲಿಲ್ಲದ ಬರೀ ರಾಟಿ. ಅಂವ ತಪ್ಪಿ "ಸರ್ಕಾರದ ಕೃಪೆಯಿಂದ ನಮ್ಮ ನೂಲು ನಮಗ ಮುಟ್ಟವಲ್ದು" ಅಂದುಬಿಡ್ತಿದ್ದ. ಆಕಿಗಿ ನಗಿ ಬರ್ತಿತ್ತು, ನಕ್ಕಿದ್ದಕ್ಕ ಮತ್ತ ಸಿಟ್ಟು ಬರ್ತಿತ್ತು. "ಮೈ ಬಾಗಿಸಬ್ಯಾಡ್ರಿ! ಭಿಕ್ಷಾ ಬೇಡಾಕ ಹೊಂಟಿಲ್ಲ ನೀವು" ಅಂತ ಬೆನ್ನಿಗಿ ಗುದ್ದಿ ನೆಟ್ಟಗ ನಿಂದರಸ್ತಿದ್ದಳು.

ಪರಿಷತ್ತು ಹತ್ರ ಬಂತು. ಒಂದು ದಿನ ಶಿವರಾಯ ಅಂಗಡಿಯಿಂದ ಬರುವಾಗ ಧೋತರದ ಸೆರಗಿನ್ಯಾಗ ಏನೋ ಮುಚ್ಚಿಕೊಂಡು ಬಂದು, ಬಾಗಿಲಾ ಹಾಕಿ, ಚಾಪಿ ಮ್ಯಾಲ ಇಟ್ಟ. ನೂಲು! ಸಣ್ಣ ಎಳಿಯ ಬೆಳ್ಳನ ನೂಲಿನ ಗಂಟು. ಮುಟ್ಟಿ ನೋಡಿದ ಶಿವರಾಯನ ಕಣ್ಣಾಗ ನೀರು ಬಂತು. ಮಲ್ಕಮ್ಮನ ಕೈಯೂ ತಾನೇ ತಾನಾಗಿ ಮುಂದ ಹೋಯ್ತು, ಎಳಿ ಹಿಡಿದು ಬೆರಳಾಗ ತಿಕ್ಕಿ ನೋಡಿದಳು. ಸುಳ್ಳು ಯಾಕ ಹೇಳ್ಬೇಕು, ಆ ಗಳಿಗ್ಯಾಗ ಆಕಿಯ ಸಿಟ್ಟು ಬಾಯಿ ಮುಚ್ಕೊಂಡಿತ್ತು.

"ಯಾರಿಗೂ ಹೇಳಬ್ಯಾಡ ಅಂದಾರ. ಪರಿಷತ್ತು ಮುಗಿಯೂತನ ಮನ್ಯಾಗ ಮುಚ್ಚಿಡು, ಆಮ್ಯಾಲ ನೇಯಿ ಅಂದಾರ" ಅಂದ ಶಿವರಾಯ. "ಬರೆದು ಕೊಟ್ಟದ್ದನ್ನ ಛಂದಾಗಿ ಹೇಳಿದ್ರ ಇನ್ನೂ ಕೊಡ್ತಾರಂತ."

ಮುಚ್ಚಿಡು! ಆ ಮಾತು ಕೇಳಿದ್ದೇ ತಡ, ಮಲ್ಕಮ್ಮ ನೂಲು ಕೈಬಿಟ್ಟಳು. ನೇಕಾರಿಕಿ ಮುಚ್ಚಿಟ್ಟು ಮಾಡೂ ಕೆಲಸ ಏನ್ರಿ? ಹಾಸು ಅಂದ್ರ ಸೀರಿಯ ಉದ್ದ ಎಳಿ, ಅದನ್ನ ಬೀದಿ ಉದ್ದಕ್ಕ ಹಾಕ್ಬೇಕು. ಗಂಜಿ ಹಚ್ಚಾಕ ಮನಿಯವರ ಕೈ ಸಾಲೂದಿಲ್ಲ, ಆಜೂಬಾಜೂದವರು ಎದ್ದು ಬಂದು ಎರಡೂ ಕಡಿ ನಿಂತು ನಾರಿನ ದೊಡ್ಡ ಕುಂಚ, ಅದೇ ಕುಂಚಿಗಿ, ಎಳೀಬೇಕು. ಇವತ್ತು ನಿಮ್ಮ ಹಾಸು, ನಾಳಿಗಿ ನಮ್ಮದು. ಅಜ್ಜ ಮುತ್ತಜ್ಜನ ಕಾಲದಿಂದ ಹಂಗೇ. ಯಾರ ಮನಿಗಿ ಎಷ್ಟು ನೂಲು ಬಂತು ಅಂತ ಓಣಿಗೆಲ್ಲಾ ಗೊತ್ತಿರೂ ಕಸುಬಿನ್ಯಾಗ ಕಳ್ಳತನ ಕಲಿಸಾಕ ಹೊಂಟಾನ ಈ ಮನಿಹಾಳ, ಅಂತ ಆಕಿಗಿ ಮೈಯೆಲ್ಲಾ ಉರೀತು.

ಮರುದಿನ ಎದ್ದಾಕಿನೇ ಜ್ವಾಳದ ಹಿಟ್ಟಿನ ಗಂಜಿ ಒಲಿ ಮ್ಯಾಲ ಇಟ್ಟಳು. ನೂಲು ಬಿಡಿಸಿ ಹಾಸು ಮಾಡಾಕ ಕುಂತಳು. ಶಿವರಾಯ "ಬ್ಯಾಡ ಬೇ, ಬ್ಯಾಡ" ಅಂತ ಹಿಂದ ಮುಂದ ತಿರುಗಾಡಿದ. "ನಿಮ್ಮ ಬಾಯಿ ಮುಚ್ಚಾಕ ಬಂದ ನೂಲಿದು. ಓಣಿ ನೋಡ್ಲಿ" ಅಂದಳು. ಕೆಲಸ ಮುಗಿಸಿ, ಅದರ ಮರುದಿನ ಮುಂಜಾನೆ ಗೂಟ ನೆಟ್ಟು ಹಾಸನ್ನ ಬೀದ್ಯಾಗ ಎಳದು ಕಟ್ಟಿದಳು. ಎಷ್ಟು ದಿನದ ಮ್ಯಾಲ ಆ ಬೀದ್ಯಾಗ ಹಾಸು ಬಿದ್ದಿತ್ತು! ಮಂದಿ ಒಬ್ಬೊಬ್ಬರಾಗಿ ಹೊರಗ ಬಂದು ನಿಂತ್ರು. ಯಾರೂ ಕುಂಚಿಗಿ ಹಿಡೀಲಿಲ್ಲ.

"ಬರ್ರಿ, ಯಾಕ ನಿಂತ್ರಿ?" ಅಂದಳು ಮಲ್ಕಮ್ಮ. "ದತ್ತಪ್ಪ ಕೊಟ್ಟ ನೂಲು. ಕಲಬುರ್ಗಿಯಾಗ ನಮ್ಮ ಓಣಿ ಸುಖದಾಗ ಅದ ಅಂತ ನನ್ನ ಗಂಡ ಹೇಳ್ಬೇಕಂತ, ಅದಕ್ಕ ಕೊಟ್ಟಾನ. ಕಣ್ತುಂಬ ನೋಡ್ರಿ. ಉಗಳೂದಿದ್ರ ಮಾರಿ ಮ್ಯಾಲೇ ಉಗಳ್ರಿ."

ಎದುರು ಮನಿಯ ಯಾಕೂಬಸಾಬ ತಲಿ ತಗ್ಗಿಸಿದ. ಇಡೀ ಓಣ್ಯಾಗ ದತ್ತಪ್ಪನ ಮ್ಯಾಲ ಎಲ್ಲರಿಗಿಂತ ಜೋರಾಗಿ ಒದರ್ತಿದ್ದ ಮನುಷ್ಯ ಅವನೇ. ಅಂಥಾಂವ ಈಗೀಗ ಮೆತ್ತಗಾಗಿದ್ದ, ಯಾಕಂತ ಯಾರೂ ಕೇಳಿರ್ಲಿಲ್ಲ. ಅಂವ ಒಳಗ ಹೋಗಿ, ಕೌದಿಗಳ ಕೆಳಗಿಂದ ಒಂದು ನೂಲಿನ ಗಂಟು ತಂದು ಮಲ್ಕಮ್ಮನ ಕಾಲ ಹತ್ರ ಇಟ್ಟ.

"ನನಗೂ ಕೊಟ್ಟಾನ ಅಕ್ಕ. ಸುಮ್ಮನಿರು ಅಂತ. ನನಗೊಬ್ಬನಿಗೇ ಅಂತ ತಿಳಿದಿದ್ದೆ" ಅಂದ.

ಅಷ್ಟರಾಗ ಮೂಲಿಮನಿ ಹುಲೆಪ್ಪ ಜ್ವಾಳ ತುಂಬೂ ಹಗೇವಿನ್ಯಾಗಿಂದ ತಂದ. ಮತ್ತೊಬ್ಬ ಮೇವಿನ ಬಣವಿಯಾಗಿಂದ ತಂದ. ಯಾರ್ಯಾರಿಗಿ ಬಾಯಿ ಇತ್ತೋ ಅವರವರ ಮನಿಗಷ್ಟೇ ನೂಲು ಬಂದಿತ್ತು. ಒಬ್ಬರ ಮಾರಿ ಒಬ್ಬರು ನೋಡಲಾರದ ನಿಂತ್ರು.

"ಅಯ್ಯ ನಿಮ್ಮ ಬಾಳ್ವೆಗಿ ಬೆಂಕಿ ಹಚ್ಚ!" ಅಂತ ಒದರಿದಳು ಮಲ್ಕಮ್ಮ. "ಅಂವಂದೇನು ಅಪ್ಪನ ಮನಿ ನೂಲೇನ್ರಲೇ ಇದು? ನಮ್ಮ ಮಗ್ಗಕ್ಕ ಬಂದ ನೂಲು! ನಮ್ಮದನ್ನೇ ಕದ್ದು ನಮಗೇ ಲಂಚ ಕೊಟ್ಟಾನ. ನೀವು ಕೈ ಮುಗದು ತಗೊಂಡೀರಿ. ಬಾಜೂದವರ ಹೆಂಡ್ರು ಕಲ್ಲು ಒಡಿಯೂದನ್ನ ನೋಡಿಕೋತ ಕೌದಿ ಕೆಳಗ ಇಟ್ಕೊಂಡೀರಿ!"

ಆಗ ಶಿವರಾಯ ಬಂದು ಗಂಜಿಯಾಗ ಕುಂಚಿಗಿ ಅದ್ದಿದ. "ಹಿಡೀರಿ" ಅಂದ. ಯಾಕೂಬಸಾಬ ಆ ಕಡಿ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಬಂದ್ರು. ಕುಂಚಿಗಿ ಎಳಕೋತ ಶಿವರಾಯ ಮಲ್ಕಮ್ಮನ ಭಾಷಣ ಶುರು ಮಾಡಿದ. ಒಂದು ತುದಿಯಿಂದ ಇನ್ನೊಂದು ತುದಿತನ ಹೋಗೂದ್ರಾಗ ಒಂದು ಮಾತೂ ತಪ್ಪಲಿಲ್ಲ. ತಾವು ಬಚ್ಚಿಟ್ಟ ನೂಲಿನ ಮಾತೂ ಸೇರಿಸಿ ಹೇಳು ಅಂದ ಯಾಕೂಬಸಾಬ, ಅದೂ ಸೇರಿತು.

ಪರಿಷತ್ತಿಗಿ ಗಂಡಸರೆಲ್ಲಾ ಹೋದ್ರು. ಹೆಂಗಸರಿಗಿ ಅಲ್ಲೇನು ಕೆಲಸ ಅಂತ ಸ್ವಾಗತ ಮಂಡಳಿಯವರು ಮೊದಲೇ ಹೇಳಿ ಕಳಿಸಿದ್ರು. ಅದಕ್ಕೂ ಆಕಿ ಬೈದಳು, ಬೈದು ಗಂಡನ ರುಮಾಲಾ ನೆಟ್ಟಗ ಮಾಡಿ ಕಳಿಸಿದಳು. ಆಮ್ಯಾಲ ಕಟ್ಟಿ ಮ್ಯಾಲ ಕುಂತು ದಾರಿ ಕಾಯ್ದಳು. ಹೇಳ್ತಾರೋ, ಹೆದರ್ತಾರೋ, ಮತ್ತ "ಮಹನೀಯರೇ" ಅಂತಾರೋ.

ಮರುದಿನ ಮುಂಜಾನೆ ಶಿವರಾಯ ಕೊರಳಾಗ ದೊಡ್ಡ ಹಾರ ಹಾಕ್ಕೊಂಡು ನಗಕೋತ ಬಂದ.

"ಹೇಳಿದ್ರಾ?"

"ಹೇಳಿದೆ! ನೀ ಹೇಳಿದ್ದಷ್ಟೂ ಹೇಳಿದೆ. ಮೈ ಬಾಗಿಸ್ಲಿಲ್ಲ. ಪೆಂಡಾಲೆಲ್ಲಾ ಚಪ್ಪಾಳಿ ಮಲ್ಕಿ! ಸುಬೇದಾರ ಸಾಹೇಬ್ರು ವಾಹ್ ವಾಹ್ ಅಂದ್ರು. ದತ್ತಪ್ಪ ಸಾವ್ಕಾರ್ರಂತೂ ಎಲ್ಲರಿಗಿಂತ ಜೋರಾಗಿ ಹೊಡದ್ರು. ಈ ಹಾರ ಅವರೇ ಹಾಕಿದ್ರು. 'ಇಂಥಾ ಧೈರ್ಯವಂತರು ನಮ್ಮ ಊರಿನವರು ಅಂತ ನನಗ ಹೆಮ್ಮೆ' ಅಂದ್ರು. ನೂಲಿನ ವಿಚಾರಣೆಗಿ ಕಮಿಟಿ ಮಾಡ್ಯಾರ."

"ಕಮಿಟ್ಯಾಗ ಯಾರದಾರ?"

ಶಿವರಾಯನ ನಗಿ ಅಲ್ಲಿಗಿ ನಿಂತಿತು. "ಸಾವ್ಕಾರ್ರೇ… ಅಧ್ಯಕ್ಷರು" ಅಂದ.

ಮಲ್ಕಮ್ಮ ಆ ಹಾರ ನೋಡಿದಳು, ಗಂಡನ ಮಾರಿ ನೋಡಿದಳು. ಬಯ್ತಾಳಂತ ಅಂವ ಕಣ್ಣು ಮುಚ್ಚಿದ. ಬಯ್ಯಲಿಲ್ಲ. "ನೀವು ಮಾಡೂದು ಮಾಡಿ ಬಂದೀರಿ. ಕೈಕಾಲು ತೊಳ್ಕೊಂಡು ಉಣ್ರಿ" ಅಂದಳು. ಹಾರ ಬಿಚ್ಚಿ ತಿಪ್ಪಿಗಿ ಒಗದು, ಓಣಿಯ ಮನಿ ಮನಿ ಬಾಗಿಲಾ ಬಡದಳು.

ಬಿಸಿಲೇರೂದ್ರಾಗ ಓಣಿಯ ಹೆಂಗಸರೆಲ್ಲಾ ದತ್ತಪ್ಪನ ಗೋದಾಮಿನ ಮುಂದ ಕುಂತಿದ್ರು. ಹಿಂದಿಂದ ಗಂಡಸರೂ ಬಂದು ನಿಂತ್ರು. ದತ್ತಪ್ಪ ಕಟ್ಟಿಗಿ ಬಂದು ಮುಗುಳ್ನಕ್ಕ.

"ಏನವ್ವ ಮಲ್ಕಮ್ಮ, ನಿನ್ನ ಗಂಡ ನಿನ್ನಿ ಎಂಥಾ ಭಾಷಣ ಮಾಡಿದ ಅಂತಿ! ನನ್ನ ಕಣ್ಣಾಗ ನೀರು ಬಂತು."

"ಭಾಷಣ ಮುಗೀತ್ರಿ ಸಾವ್ಕಾರ" ಅಂದಳು ಮಲ್ಕಮ್ಮ. "ಬೀಗಾ ತೆಗೀರಿ."