ಗಾಡಿಯ ನಾಡಿ ಹಿಡಿದ ರಾಜಶ್ರೀ

ಮೋರಟಗಿಯಲ್ಲಿ ನನ್ನ ಬಾಡಿಗೆ ಮನೆಗೂ ರಾಜಶ್ರೀಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ರೊಟ್ಟಿ ಬಡಿಯಲು ಶುರುಮಾಡಿದರೆ ಈ ಕಡೆ ನನಗೆ ಬೆಳಗಾಗುತ್ತದೆ. ನಾನು ಇಲ್ಲಿನ ಶಾಲೆಗೆ ವರ್ಗವಾಗಿ ಬಂದವಳು. ಪಾಠ ಹೇಳುವ ಹೆಂಗಸನ್ನು ಈ ಸೀಮೆಯಲ್ಲಿ ‘ಅಕ್ಕೋರು’ ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು. ಅಕ್ಕೋರಿಗೆ ಸಿಟ್ಟು ಜಾಸ್ತಿ ಎಂದು ಮಕ್ಕಳು ಹೇಳುವುದು ಸುಳ್ಳಲ್ಲ.

ರಾಜಶ್ರೀ ಪಶು ಸಖಿ. ಹೊಲದಲ್ಲೇ ಮನೆ ಕಟ್ಟಿಕೊಂಡಿರುವವರ ವಸ್ತಿಗಳಿಗೆ ಹೋಗಿ ಕುರಿ, ಆಡುಗಳಿಗೆ ಜಂತಿನ ಔಷಧ ಕುಡಿಸುವುದು, ಲಸಿಕೆಯ ದಿನ ನೆನಪಿಸುವುದು ಅವಳ ಕೆಲಸ. ಗಂಡ ಯುವರಾಜ ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಅವನ ಬೈಕು ತಾಡಪತ್ರಿ ಹೊದ್ದು ಅಂಗಳದಲ್ಲಿ ಮಲಗಿತ್ತು. ಇವಳು ಅದನ್ನು ಎಬ್ಬಿಸಿ, ಸೀರೆ ಎತ್ತಿ ಕಟ್ಟಿ, ಬಿದ್ದು ಎದ್ದು ಕಲಿತಳು.

ಮಾವ ಮಾಳಿಂಗಪ್ಪ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳ ತೆಗೆದು ಗೆಲ್ಲಬಹುದಿತ್ತು. ಅವನಿಗೆ ಸೊಸೆಯೆಂದರೆ ಜೀವ, ಅವಳು ಕಣ್ಣ ಮುಂದಿಂದ ಸರಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಹೋದ ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಬೈಕು ದಾರಿಯಲ್ಲೇ ನಿಂತುಬಿಟ್ಟಿತು. ಅವಳು ನೂಕಿಕೊಂಡು ಬರುವುದನ್ನು ಯಾರೋ ಕಂಡರು. ಕ್ರಾಸಿನಲ್ಲಿ ಗ್ಯಾರೇಜು ಇಟ್ಟಿರುವ ದುಂಡೇಶ ತನ್ನ ಟಂಟಂ ಆಟೋ ತಂದು ಗಾಡಿಯನ್ನೂ ಅವಳನ್ನೂ ಹೇರಿಕೊಂಡು ಬಂದ. ದುಂಡೇಶ ಯುವರಾಜನ ಚಿಕ್ಕಪ್ಪನ ಮಗ. ಅವನ ಬಾಯಿಗೆ ಬಿದ್ದ ಸುದ್ದಿ ಡಂಗುರ ಹೊಡೆದಂತೆಯೇ.

ಅಂದು ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದ್ದು ಗೋಡೆಯ ಈ ಕಡೆಗೂ ಕೇಳಿಸಿತು.

“ಇನ್ನೊಮ್ಮೆ ಗಾಡಿ ದಾರ್ಯಾಗ ನಿಂತ್ರ ಈ ಕೆಲಸ ಸಾಕು ಯವ್ವಾ. ನನಗ ತಡಕೊಳ್ಳಾಕ ಆಗಂಗಿಲ್ಲ.”

ಮರುದಿನವೇ ರಾಜಶ್ರೀ ನನ್ನ ಬಾಗಿಲಿಗೆ ಬಂದಳು. ಗಾಡಿಯ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆಗಾಗ ಹತ್ತಿ ಆರುತ್ತಿತ್ತು. ದುಂಡೇಶನಿಗೆ ತೋರಿಸುವಂತಿಲ್ಲ, ತೋರಿಸಿದರೆ ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಗಾಡಿಗೆ ಏನಾಗಿದೆ ಎಂದು ಮನೆಯಲ್ಲೇ ಹೇಳುವ ಯಂತ್ರ ಬರುತ್ತದಂತೆ, ಫೋನಿನಲ್ಲಿ ನೋಡಿದ್ದಾಳೆ. ಆದರೆ ಅದೆಲ್ಲ ಇಂಗ್ಲಿಷು. “ನೀವು ಓದಿ ಹೇಳ್ರಿ ಅಕ್ಕೋರ, ಬಿಚ್ಚೂದು ಕಟ್ಟೂದು ನಾ ನೋಡ್ಕೊಂತೇನಿ” ಎಂದಳು.

ಸಿಂದಗಿಯ ದಿಲಾವರನ ಬಿಡಿಭಾಗದ ಅಂಗಡಿಗೆ ಇಬ್ಬರೂ ಹೋದೆವು. ಅವನು ಎರಡು ಯಂತ್ರ ತೆಗೆದು ಗಾಜಿನ ಮೇಲಿಟ್ಟ. ಒಂದಕ್ಕೆ ತನ್ನದೇ ಪರದೆ. ಸೀಟು ಎತ್ತಿ ಅದರ ವೈರನ್ನು ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ, ಕೆಟ್ಟದ್ದು ಯಾವುದೆಂದು ಒಂದು ನಂಬರ್ ತೋರಿಸುತ್ತದೆ. ಫೋನಿನ ಗೊಡವೆಯೇ ಇಲ್ಲ. ಇನ್ನೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ. ಅದು ಗಾಡಿಯಲ್ಲೇ ಇದ್ದು, ಓಡುವಾಗಲೂ ಬ್ಯಾಟರಿ ಎಷ್ಟಿದೆ, ಎಂಜಿನ್ ಕಾವು ಎಷ್ಟಿದೆ ಎಂದು ಫೋನಿಗೆ ಕಳಿಸುತ್ತಿರುತ್ತದೆ.

“ಪರದೆ ಇದ್ದದ್ದ ತಗೋ, ಸರಳ ಐತಿ” ಎಂದೆ ನಾನು.

“ಅದು ಕೆಟ್ಟ ಮ್ಯಾಲ ಹೇಳ್ತೈತ್ರಿ. ನನಗ ಕೆಡೂ ಮೊದಲ ಹೇಳೂದು ಬೇಕು” ಎಂದಳು ರಾಜಶ್ರೀ. ಅವಳಿದ್ದ ಪರಿಸ್ಥಿತಿಗೆ ಆ ಮಾತು ಸರಿಯಾಗಿತ್ತು. ಡಬ್ಬಿಯನ್ನೇ ತಂದೆವು.

ಇನ್ನು ಫೋನಿಗೆ ಆ್ಯಪ್ ಬೇಕಲ್ಲ. ಮೊದಲು ಹಾಕಿಕೊಂಡ ಆ್ಯಪಿನಲ್ಲಿ ಒಂದು ನಂಬರ್ ತೋರಿಸುವಷ್ಟರಲ್ಲಿ ರಮ್ಮಿ ಆಟದ ಜಾಹೀರಾತು ನಾಲ್ಕು ಬರುತ್ತಿದ್ದವು. ಎರಡನೆಯದು ಗಾಡಿಗೆ ರೋಗ ಇದೆ ಎಂದು ಹೆದರಿಸಿ, ಅದರ ಹೆಸರು ಹೇಳಲು ದುಡ್ಡು ಕೇಳಿತು. ಅದಕ್ಕೆ ನಾನು ಬೈದ ಬೈಗುಳ ಶಾಲೆಯಲ್ಲಿ ಕಲಿಸುವಂಥದ್ದಲ್ಲ. ಮೂರನೆಯದು ಮಾತ್ರ ಎಲ್ಲವನ್ನೂ ಗೆರೆ ಎಳೆದು ತೋರಿಸಿತು. ನಿನ್ನೆ ಎಷ್ಟಿತ್ತು, ಇಂದು ಎಷ್ಟಿದೆ ಎಂದು ಹೋಲಿಸಬಹುದಿತ್ತು. ಹಳೆಯ ದಾಖಲೆ ಉಳಿಯಬೇಕಾದರೆ ಮೇಲ್ ಐಡಿ ಕೊಡಬೇಕು, ಫೋನು ಎಲ್ಲಿದೆ ಎಂದು ನೋಡಲು ಅನುಮತಿ ಕೊಡಬೇಕು ಎಂದಿತು. ರಾಜಶ್ರೀ ಎರಡೂ ಕಡೆ ಒತ್ತಿದಳು.

ಆ ಮೇಲ್ ಐಡಿ ಯುವರಾಜನದು. ಇಲ್ಲಿ ಮನೆಗೊಂದೇ ಐಡಿ ಇರುತ್ತದೆ. ಹೊಸ ಫೋನು ಕೊಂಡಾಗ ಮೊಬೈಲ್ ಅಂಗಡಿಯವನು “ಮನಿ ಯಜಮಾನರದು ಹೇಳ್ರಿ” ಎನ್ನುತ್ತಾನೆ, ಅದನ್ನೇ ಅಪ್ಪನ ಫೋನಿಗೂ ಹೆಂಡತಿಯ ಫೋನಿಗೂ ಹಾಕಿಕೊಡುತ್ತಾನೆ. ರೇಶನ್ ಕಾರ್ಡ್ ಇದ್ದ ಹಾಗೆ ಅದೂ ಮನೆಯ ಹೆಸರಿನದು ಎಂದೇ ಎಲ್ಲರ ತಿಳಿವಳಿಕೆ. ರಾಜಶ್ರೀಗೆ ತನ್ನದೆಂಬ ಐಡಿ ಬೇಕು ಅನಿಸಿದ್ದೇ ಇಲ್ಲ.

ಡಬ್ಬಿ ತನ್ನ ಕೆಲಸ ಮಾಡಿತು. ಗಾಡಿ ಓಡುವಾಗಲೂ ಬ್ಯಾಟರಿಯ ಗೆರೆ ಏರದೆ ಇಳಿಯುತ್ತಿದೆ ಎಂದು ತೋರಿಸಿತು. ಚಾರ್ಜ್ ಆಗುತ್ತಿಲ್ಲ. ದಿಲಾವರನಿಗೆ ಫೋಟೋ ಕಳಿಸಿದಳು, ಅವನು ಬ್ಯಾಟರಿಗೆ ಕರೆಂಟು ಹಾಯಿಸುವ ರೆಗ್ಯುಲೇಟರ್ ಹೋಗಿದೆ ಎಂದ. ತಾನೇ ಬಿಚ್ಚಿ ಹೊಸದನ್ನು ಕೂಡಿಸಿದಳು. ಹಳದಿ ದೀಪ ಆರಿತು. ಅಂದು ಅವಳು ನಮ್ಮ ಮನೆಗೆ ಶೇಂಗಾ ಹೋಳಿಗೆ ತಂದಳು, ಕೈಯಲ್ಲಿ ಇನ್ನೂ ಗ್ರೀಸಿನ ವಾಸನೆ ಇತ್ತು.

ಆ ಸಂಜೆಯೇ ಅವಳು ನನಗೊಂದು ಮಾತು ಹೇಳಿದಳು. ವಸ್ತಿಗಳಿಂದ ಬರುವಾಗ ಕಾಲುವೆಯ ಏರಿಯ ಮೇಲೆ ಒಂದು ಬೇವಿನ ಗಿಡ ಇದೆ. ದಿನಾ ಅಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕೂಡುತ್ತಾಳೆ.

“ಏನ್ ಮಾಡ್ತಿ ಅಲ್ಲಿ?” ಎಂದೆ.

“ಏನೂ ಮಾಡಂಗಿಲ್ರಿ. ಅಲ್ಲಿ ನನ್ನ ಯಾರೂ ಕರಿಯಂಗಿಲ್ಲ.”

ಮದುವೆಯಾಗಿ ಬಂದಾಗಿನಿಂದ ಅವಳಿಗೆ ಅಂಥ ಜಾಗ ಸಿಕ್ಕಿರಲಿಲ್ಲ. ಕುರಿ, ಔಷಧ, ಗೌರವಧನ ಎಲ್ಲ ಇದ್ದೇ ಇದ್ದವು. ಅವಳು ಈ ಕೆಲಸವನ್ನು ಹಲ್ಲು ಕಚ್ಚಿ ಉಳಿಸಿಕೊಂಡದ್ದು ಆ ಗಿಡದ ನೆರಳಿಗೆ ಎಂದು ನನಗೆ ಅರ್ಥವಾಯಿತು.

ಮುಂದಿನ ಭಾನುವಾರ ಮಾಳಿಂಗಪ್ಪ ನನ್ನನ್ನು ಚಹಕ್ಕೆ ಕರೆದ. ಅಷ್ಟು ಖುಷಿಯಾಗಿದ್ದ ಅವನನ್ನು ನಾನು ನೋಡಿರಲಿಲ್ಲ. ಯುವರಾಜ ಫೋನು ಹಿಡಿದು ಕೂತಿದ್ದ. ಆ್ಯಪು ವಾರದ ವರದಿಯನ್ನು ಅವನ ಮೇಲಿಗೆ ಕಳಿಸಿತ್ತು. ಗಾಡಿ ಹೋದ ದಾರಿಯೆಲ್ಲ ನಕಾಶೆಯ ಮೇಲೆ ನೀಲಿ ಗೆರೆಯಾಗಿ ಬಿದ್ದಿತ್ತು, ನಿಂತಲ್ಲೆಲ್ಲ ಕೆಂಪು ಚುಕ್ಕೆ.

“ನೋಡ್ರಿ ಅಕ್ಕೋರ, ಎಂಥಾ ಶ್ಯಾಣ್ಯಾ ಮಷೀನ್!” ಎಂದ ಮಾಳಿಂಗಪ್ಪ. “ನಮ್ಮ ಸೊಸಿ ಎಲ್ಲಿ ಅದಾಳಂತ ಕುಂತಲ್ಲೇ ಕಾಣಸ್ತೈತಿ. ಇನ್ನ ಎಲ್ಲಿ ಬೇಕಾದ್ರೂ ಹೋಗು ಯವ್ವಾ, ನನಗ ಚಿಂತಿ ಇಲ್ಲ.”

ರಾಜಶ್ರೀ ಚಹದ ತಾಟು ಹಿಡಿದು ನಿಂತಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ ಎಂದುಕೊಂಡೆ.

ಯುವರಾಜ ಪರದೆಯನ್ನು ದೊಡ್ಡದು ಮಾಡಿದ. “ಇದೇನ ಕಾಲುವಿ ಏರಿ ಮ್ಯಾಲ ದಿನಾ ನಿಂತೀದಿ?” ಎಂದ. ಅವನ ದನಿಯಲ್ಲಿ ಸಂಶಯವಿರಲಿಲ್ಲ, ಬರೀ ಕುತೂಹಲ.

“ಎಂಜಿನ್ ಕಾಯ್ತೈತ್ರಿ. ಆರಲಿ ಅಂತ ನಿಲ್ಲಸ್ತೇನಿ.”

ಅವನು ಬೆರಳಾಡಿಸಿ ಕಾವಿನ ಗೆರೆ ತೆಗೆದ. “ಕಾದ ಇಲ್ಲಲ್ಲ. ಬರೋಬ್ಬರಿ ಐತಿ ನೋಡು.”

ಅವಳು ತಾಟಿನಲ್ಲಿದ್ದ ಕಪ್ಪುಗಳನ್ನು ಸರಿಸಿಟ್ಟಳು. ಏನೂ ಕದಿಯದವಳು ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ರೇವವ್ವ ಗದರಿದಳು: “ಹೆಣ್ಣಮಕ್ಕಳಿಗೆ ದಾರ್ಯಾಗ ನಿಲ್ಲೂ ಕೆಲಸ ಇರ್ತಾವು, ಅದನ್ನೂ ಕೇಳ್ತಾರೇನು? ನಾಚಿಗಿ ಬರಂಗಿಲ್ಲ?”

ಯುವರಾಜ ನಾಚಿ ಫೋನು ಕೆಳಗಿಟ್ಟ. ಬಚಾವಾದಳು ಎಂದುಕೊಂಡೆ. ಮಾಳಿಂಗಪ್ಪ ಮಾತ್ರ ಮರುಗಿಹೋದ. “ಛೇ, ಬಯಲಾಗ ಯಾಕ ಯವ್ವಾ? ಅಲ್ಲೇ ನಮ್ಮ ಸೋಮನಿಂಗನ ವಸ್ತಿ ಐತಿ, ಸಂಡಾಸ ಕಟ್ಟಿಸ್ಯಾರ. ನಾ ಹೇಳಿ ಇಡ್ತೇನಿ” ಎಂದು ಅಲ್ಲೇ ಫೋನು ಹಚ್ಚಿದ.

ಈಗ ರಾಜಶ್ರೀಯ ಗಾಡಿಯ ಸದ್ದು ಕೇಳಿದರೆ ಸಾಕು, ಸೋಮನಿಂಗನ ಹೆಂಡತಿ ಏರಿಯ ಮೇಲೆ ಬಂದು ಕೈ ಬೀಸುತ್ತಾಳೆ. ಇವಳು ಗಿಡ ದಾಟಿ ಅವರ ಮನೆಗೆ ಹೋಗುತ್ತಾಳೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಚಹ ಕುಡಿದು ಬರುತ್ತಾಳೆ. ಆ್ಯಪು ತೆಗೆದುಹಾಕು ಎಂದೆ. “ತಗದ್ರ ಯಾಕ ತಗದಿ ಅಂತಾರ್ರಿ” ಎಂದಳು. ಊರಲ್ಲಿ ಇನ್ನೂ ಇಬ್ಬರು ಮಾವಂದಿರು ಆ ಡಬ್ಬಿ ಎಲ್ಲಿ ಸಿಗುತ್ತದೆ ಎಂದು ಮಾಳಿಂಗಪ್ಪನನ್ನು ಕೇಳಿದ್ದಾರೆ.

ಮೊನ್ನೆ ಅವಳು ಅಂಗಳದಲ್ಲಿ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನಾನು ಗೋಡೆಯ ಮೇಲಿಂದ ಬಗ್ಗಿ, ಗಾಡಿ ಹೇಗಿದೆ ಎಂದು ಕೇಳಿದೆ.

“ಭಾಳ ಚೊಲೊ ಐತ್ರಿ ಅಕ್ಕೋರ” ಎಂದಳು. ಆಮೇಲೆ ಒಳಗೆ ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿದಳು. “ದಾರ್ಯಾಗ ಒಮ್ಮೆ ಕೆಟ್ಟ ನಿಂತಬಿಟ್ರ ಚೊಲೊ ಇತ್ತು. ದುಂಡೇಶ ಬರೂತನಕ ಒಬ್ಬಾಕಿನ ಕುಂದರ್ತಿದ್ದೆ.”