ವಲ್ಲಿಯೊಳಗಿನ ಬೆರಳು

ಮೊನ್ನೆ ಮಧ್ಯಾಹ್ನ ನನ್ನ ಸೀರೆ ಅಂಗಡಿಗೆ ಬಂದ ಗಿರಾಕಿಯ ಅಂಗಿಯಿಂದ ಅಜವಾನದ ಹೊಗೆಯ ವಾಸನೆ ಬಂತು. ಬಾಣಂತಿ ಕೋಣೆಯ ವಾಸನೆ ಅದು. ಕೆಂಡದ ಮೇಲೆ ಅಜವಾನ, ಲೋಬಾನ ಉದುರಿಸಿ ಕೂಸಿನ ಬಟ್ಟೆ ಕಾಸುವಾಗ ಹತ್ತಿಕೊಂಡಿದ್ದು, ಒಗೆದರೂ ಹೋಗುವುದಿಲ್ಲ. ಗುಡೂರಿನ ಕಡೆಯ ಹುಡುಗ. ಹೆಂಡತಿ ಹಡೆದಿದ್ದಾಳೆ, ಸೀರೆ ಬೇಕು ಎಂದ. ಕುಳಿತುಕೋ ಎಂದರೆ ಕೂಡಲೊಲ್ಲ. ಗಾದಿಯ ಅಂಚಿಗೆ ಕೂತಂತೆ ಮಾಡಿ, ಎದ್ದು, ಬಾಗಿಲ ತನಕ ಹೋಗಿ ರಸ್ತೆ ನೋಡಿ ಬಂದ.

"ಕೂಸು ಹೆಂಗೈತಿ?" ಎಂದೆ.

"ಭಾಳ ಸಣ್ಣದೈತ್ರಿ. ದವಾಖಾನ್ಯಾಗ ಐತಿ, ಅರಿವಿ ಮನ್ಯಾಗ ಕಾಸಿ ಒಯ್ಯತೇವ್ರಿ," ಎಂದವನು ಮತ್ತೆ ಬಾಗಿಲಿಗೆ ಹೋದ.

ಚಡಪಡಿಸುವ ಗಿರಾಕಿ ಸಿಕ್ಕರೆ ವ್ಯಾಪಾರಿಗೆ ಸುಗ್ಗಿ. ಅವಸರದವನಿಗೆ ಚೌಕಾಸಿ ಮಾಡಲು ಪುರಸೊತ್ತು ಇರುವುದಿಲ್ಲ. ಸೀರೆ ಗಂಟು ಹೆಗಲಿಗೇರಿಸಿ ಬೇವೂರು, ಗುಡೂರು ಅಂತ ಊರೂರು ಅಲೆದು ಇಳಕಲ್ಲಿನಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಇಂಥ ಗುಟ್ಟನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹೇಳಿಕೊಟ್ಟವನು ನನ್ನಪ್ಪ ಒಬ್ಬನೇ.

ಅಪ್ಪ ಅಮೀನಗಡದ ಸಂತೆಯಲ್ಲಿ ದನದ ದಲ್ಲಾಳಿ. ಅಲ್ಲಿ ರೇಟನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ಹೆಗಲ ಮೇಲಿನ ವಲ್ಲಿ ವಸ್ತ್ರ ಹೊದಿಸುತ್ತಾರೆ. ಒಳಗೊಳಗೇ ಬೆರಳು ಹಿಡಿದು, ಅದುಮಿ, ಬೆಲೆ ಏರಿಸಿ ಇಳಿಸುತ್ತಾರೆ. ಸುತ್ತ ನಿಂತವರಿಗೆ ವಲ್ಲಿ ಅಲುಗಾಡುವುದಷ್ಟೇ ಕಾಣುತ್ತದೆ. "ಬೆರಳ ಹಿಡದಿರೂತನಾ ವ್ಯಾಪಾರ ಮುರದಿಲ್ಲಪಾ ತಮ್ಮಾ," ಅನ್ನುತ್ತಿದ್ದ ಅಪ್ಪ. "ಬಿಟ್ಟಿ, ಮುಗೀತು. ಎತ್ತು ಅವನ ಮನಿಗಿ, ನೀ ನಿನ್ನ ಮನಿಗಿ."

ಆ ಮಾತು ನನಗೆ ಸಂತೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಬಂದದ್ದು ಹುನಗುಂದದ ಒಂದು ದವಾಖಾನೆಯಲ್ಲಿ.

ಹಳೆ ಬಾಗಲಕೋಟೆಯ ಜನ ಮನೆಯ ಬಾಗಿಲು, ಕಿಟಕಿಗಳನ್ನೂ ಕಿತ್ತು ನವನಗರಕ್ಕೆ ಸಾಗಿಸುತ್ತಿದ್ದ ವರ್ಷಗಳು ಅವು. ನನ್ನ ಹೆಂಡತಿ ನೀಲವ್ವನಿಗೆ ದಿನ ತುಂಬುವ ಮೊದಲೇ ಬ್ಯಾನಿ ಬಂದು, ಆಪರೇಶನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ನಮ್ಮ ಅಂಗಡಿಯಲ್ಲಿ ಮಡಿಸಿಟ್ಟ ಸೀರೆ ಅದಕ್ಕಿಂತ ಭಾರ ಇರುತ್ತದೆ. ಮಾಗಿಯ ಚಳಿ, ಕೆಳಗೆ ಕಲ್ಲಿನ ನೆಲ. ಕೂಸನ್ನು ಬೆಚ್ಚಗಿಡಲು ಬಲ್ಬಿನ ಪೆಟ್ಟಿಗೆಯೊಂದಿತ್ತು, ಆದರೆ ಕರೆಂಟು ಮುಂಜಾನೆಯೇ ಹೋಗಿತ್ತು. ಡಾಕ್ಟರು ಸುತ್ತು ಬಳಸದೆ ಹೇಳಿದರು: ಸಂಜೆಯೊಳಗೆ ಮೈ ಬಿಸಿಯಾಗಿ ಹಾಲು ಚೀಪಿದರೆ ಇಲ್ಲೇ ಇರಲಿ, ಇಲ್ಲದಿದ್ದರೆ ನವನಗರದ ದೊಡ್ಡ ದವಾಖಾನೆಗೆ ಒಯ್ಯಬೇಕು. ಆದರೆ ಇಷ್ಟು ತಣ್ಣಗಿರುವ ಕೂಸು ಆ ದಾರಿಯ ಗಾಳಿಯನ್ನು ತಡೆಯುತ್ತದೋ ಇಲ್ಲವೋ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಓಡಿಹೋಗಿ ಜೀಪು ಗೊತ್ತು ಮಾಡಿಕೊಂಡು ಬಂದೆ. ಒಳಗೆ ಕೂಸು ತಣ್ಣಗಾಗುತ್ತಿದೆ, ಹೊರಗೆ ನಾನು ವೇಟಿಂಗಿಗೆ ಬೇರೆ ಕೊಡುವುದಿಲ್ಲ ಎಂದು ಡ್ರೈವರನ ಜೊತೆ ವಾದ ಹೂಡಿದ್ದೇನೆ. ರೂಢಿ ನೋಡಿ, ಅಂಥ ಹೊತ್ತಿನಲ್ಲೂ ನಾಲಿಗೆ ತನ್ನ ಕಸುಬು ಬಿಡಲಿಲ್ಲ. ಒಳಗೆ ಬಂದು, "ಜೀಪ ಬಂದೈತಿ, ಕೂಸಿನ್ನ ಸುತ್ತಿ ಕೊಡ್ರಿ, ಸಂಜೀತನಾ ಯಾಕ ಕಾಯೂದು," ಎಂದೆ.

ಅಲ್ಲಿನ ನರ್ಸಬಾಯಿ, ನಡುವಯಸ್ಸಿನ ಗಟ್ಟಿ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಿ ಬಿಚ್ರಿ," ಎಂದಳು.

"ಯಾಕ್ರಿ, ನನಗೇನಾಗೇತಿ?"

"ನಿಮಗೇನೂ ಆಗಿಲ್ಲ, ಅದಕ್ಕ ಬಿಚ್ರಿ. ಕೂಸಿನ್ನ ಎದಿಮ್ಯಾಲ ಹಾಕ್ಕೊಂಡು ಕುಂದರಬೇಕು. ನಿಮ್ಮ ಹೆಂಡತಿಗಿ ಜ್ವರ ಐತಿ, ಇನ್ನೂ ಎದ್ದು ಕೂಡೂ ಹಂಗಿಲ್ಲ. ನಿಮ್ಮ ಎದಿಗಿ ಕರೆಂಟ್ ಬೇಕಾಗೂದಿಲ್ಲ."

ನೀಲವ್ವನ ತಾಯಿ, ನಮ್ಮ ಅತ್ತೆ, ಬಾಯಿಗೆ ಸೆರಗು ಹಚ್ಚಿದರು. "ಗಂಡಸರ ಮೈಮ್ಯಾಲ ಹಸಗೂಸು ಹಾಕೂದೇನವಾ. ನಮ್ಮ ವಂಶದಾಗ ಕೇಳಿಲ್ಲ."

"ನಿಮ್ಮ ವಂಶದಾಗ ಇಷ್ಟ ಲಗೂ ಹುಟ್ಟಿದ್ದೂ ಕೇಳಿಲ್ಲಲ್ರಿ, ಆಯಿ. ನಿಮ್ಮ ಅಳಿಯನ ಎದಿ ನೋಡ್ರಿ, ಜಮಖಾನಿ ಹಾಸಿದಂಗೈತಿ. ಸುಮ್ಮನ ವ್ಯರ್ಥ ಯಾಕ ಹೋಗಬೇಕು."

ನೋವಿನಲ್ಲೂ ನೀಲವ್ವ ನಕ್ಕಳು. ನಕ್ಕು, ಹೊಲಿಗೆ ಹಿಡಿದು ಮುಖ ಕಿವುಚಿದಳು.

ನಾನು ಚೌಕಾಸಿಗೆ ಇಳಿದೆ. "ಎಷ್ಟೊತ್ತು ಕೂಡಬೇಕು?"

"ಮೈ ಬಿಸಿ ಆಗೂತನಾ."

"ಅರ್ಧ ತಾಸು ಕೂಡತೇನಿ. ಜೀಪ ನಿಂತೈತಿ."

"ಇದು ಸೀರಿ ಅಂಗಡಿ ಅಲ್ರಿ," ಎಂದಳು. "ಇಲ್ಲಿ ಒಂದ ರೇಟು."

ಹೊದಿಸಲಿಕ್ಕೆ ಅಂಗಡಿಯಿಂದ ತಂದಿದ್ದ ಹೊಸ ಇಳಕಲ್ ಸೀರೆ ಮುಂದೆ ಮಾಡಿದೆ. ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯದು. ನರ್ಸಬಾಯಿ ಅದರ ಸೆರಗನ್ನು ತನ್ನ ಕೆನ್ನೆಗೆ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು. ಗಂಜಿ ಹಾಕಿದ್ದು, ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಅಷ್ಟು ಹೊತ್ತು ಗೊಣಗುತ್ತಿದ್ದ ಅತ್ತೆ ತಮ್ಮ ಚೀಲಕ್ಕೆ ಕೈ ಹಾಕಿ, ಉಟ್ಟು ಉಟ್ಟು ಬೆಣ್ಣೆಯಂತಾದ ದಾಳಿಂಬೆ ಬಣ್ಣದ ಸೀರೆ ತೆಗೆದರು. "ಇದರಾಗ ಸುತ್ರಿ. ಈ ಕೂಸಿನವ್ವನೂ ಇದರಾಗ ಬೆಳದಾಕಿ," ಎಂದು ನನ್ನ ಮುಖ ನೋಡದೆ ಕೊಟ್ಟರು.

ತಲೆಗೆ ಕುಂಚಿಗೆ ಕಟ್ಟಿದ ಕೂಸನ್ನು ನೆಟ್ಟಗೆ ನನ್ನ ಎದೆಗೆ ಒರಗಿಸಿ, ಮುಖ ಒಂದು ಬದಿಗೆ ತಿರುಗಿಸಿ, ಇಬ್ಬರಿಗೂ ಸೇರಿಸಿ ಆ ಸೀರೆ ಬಿಗಿದರು. ಅದರ ಅಂಗಾಲು ನನ್ನ ಹೊಟ್ಟೆಗೆ ತಗುಲಿದಾಗ ಬಾವಿಯ ನೀರಲ್ಲಿ ಅದ್ದಿ ತೆಗೆದ ಹರಳು ಇಟ್ಟಂತಾಯಿತು.

ಕೂಡುವುದು ಎಂಥ ಕಠಿಣ ಕೆಲಸ ಎಂದು ಆವತ್ತು ಗೊತ್ತಾಯಿತು. ಹುಟ್ಟಿದಾಗಿನಿಂದ ಓಡಾಡಿಯೇ ಉಂಡವನು ನಾನು. ಹೊರಗೆ ಜೀಪಿನವನು ಹಾರ್ನು ಹೊಡೆಯುತ್ತಿದ್ದ. ಒಂದೊಂದು ಹಾರ್ನಿಗೂ ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಈಗ ಹೊರಟಿದ್ದರೆ ಅಮೀನಗಡ ದಾಟಿರುತ್ತಿದ್ದೆವು ಎಂದು ಮನಸ್ಸು ಒಂದೇ ಸಮನೆ ದಾರಿ ಅಳೆಯುತ್ತಿತ್ತು. ನೂರು ಸಲ ಕೇಳಿರಬೇಕು, ಬಿಸಿ ಆತೇನ್ರಿ, ಬಿಸಿ ಆತೇನ್ರಿ ಎಂದು. ನರ್ಸಬಾಯಿ ಸೀರೆಯೊಳಗೆ ಕೈ ತೂರಿಸಿ ಪಾದ ಮುಟ್ಟಿ, ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಅವಳ ಮುಖವೂ ಸಂತೆಯ ದಲ್ಲಾಳಿಯ ಮುಖವೇ, ಏನೂ ಓದಲಿಕ್ಕಾಗುತ್ತಿರಲಿಲ್ಲ.

ಎದ್ದುಬಿಡೋಣ, ಜೀಪು ಹತ್ತೋಣ ಎಂದು ನಿರ್ಧರಿಸಿ, ಕೂಸನ್ನು ಸರಿಮಾಡಲು ಸೀರೆಯೊಳಗೆ ಕೈ ಹಾಕಿದೆ. ಒಳಗೆ ಏನೋ ನನ್ನ ಬೆರಳು ಹಿಡಿಯಿತು.

ಇಷ್ಟಿಷ್ಟೇ ಮುಷ್ಟಿ. ತೋರುಬೆರಳ ಒಂದು ಗಿಣ್ಣಿಗೂ ಸಾಲದಷ್ಟು. ಆದರೆ ಹಿಡಿತ ಹಿಡಿತವೇ. ಹುಡುಗನಿದ್ದಾಗ ಅಪ್ಪನ ಜೊತೆ ಸಂತೆಗೆ ಹೋಗಿ ಬಟ್ಟೆಯ ಕೆಳಗೆ ಎಷ್ಟೋ ಕೈ ಹಿಡಿದವನು ನಾನು, ಕೊಳ್ಳುವ ಮನಸ್ಸಿದ್ದವನ ಹಿಡಿತ ಯಾವುದು, ಹೊತ್ತು ಕಳೆಯಲು ಬಂದವನ ಹಿಡಿತ ಯಾವುದು ನನಗೆ ಗೊತ್ತು. ಇವಳು ಇರಲಿಕ್ಕೆ ಬಂದವಳು. ಏನು ಬೆಲೆ ಕೇಳುತ್ತಿದ್ದಾಳೆ ತಿಳಿಯಲಿಲ್ಲ. ಕೇಳಿದಷ್ಟು ಕೊಡಲು ತಯಾರಾಗಿ ಕೂತೆ. ಜೀಪಿನವನು ಆಮೇಲೂ ಹಾರ್ನು ಹೊಡೆದ. ನನ್ನ ಮೊಣಕಾಲು ಅಲುಗಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಎದೆಯ ಮೇಲೆ ಒದ್ದೆ ಒದ್ದೆಯಾಗಿ ಏನೋ ತಡಕಾಡಿತು. ಬಾಯಿ ತೆರೆದು ನನ್ನಲ್ಲೇ ಹಾಲು ಹುಡುಕುತ್ತಿತ್ತು.

"ಗಿರಾಕಿ ತಪ್ಪಿ ಬ್ಯಾರೆ ಅಂಗಡಿಗಿ ಬಂದೈತಿ," ಎಂದಳು ನರ್ಸಬಾಯಿ. ಪಾದ ಮುಟ್ಟಿ ನೋಡಿದಳು. ಮೊದಲ ಸಲ ಅವಳ ಮುಖ ಸಡಿಲಾಯಿತು. "ಕೊಡ್ರಿ, ಬಿಸಿ ಆಗ್ಯಾಳ. ಮಾಲು ಇದ್ದಲ್ಲಿ ಒಯ್ಯತೇನಿ."

ನೀಲವ್ವನ ಮಗ್ಗುಲಲ್ಲಿ ಮಲಗಿಸಿದರು. ಚೀಪಿತು, ಬಿಟ್ಟಿತು, ಮತ್ತೆ ಚೀಪಿತು. ಅತ್ತೆ ಹೊರಗೆ ಹೋಗಿ ಜೀಪಿನವನಿಗೆ ಹೇಳಿದ್ದು ಒಳಗೂ ಕೇಳಿಸಿತು: "ಹೋಗಪಾ, ನಮ್ಮ ಅಳಿಯಾರು ಇನ್ನ ಎಲ್ಲಿಗೂ ಏಳಂಗಿಲ್ಲ."

ಆಮೇಲಿನ ದಿನಗಳಲ್ಲಿ ನೀಲವ್ವ ಸ್ವಲ್ಪ ಹೊತ್ತು, ನಾನು ಸ್ವಲ್ಪ ಹೊತ್ತು, ಪಾಳಿ ಹಾಕಿಕೊಂಡು ಕೂತೆವು. ನೀವು ಕೇಳದಿದ್ದರೂ ಒಂದು ಬುದ್ಧಿ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆರಿಗೆ ಇದ್ದರೆ ಒಂದು ಹಳೆಯ ಹತ್ತಿ ಸೀರೆ ಒಗೆದು, ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳಿ. ಸೀರೆ ಮಾರುವವನು ಹೇಳುವ ಮಾತಲ್ಲ ಇದು, ಆದರೂ ಹೇಳುತ್ತೇನೆ.

ಅದನ್ನೇ ಮೊನ್ನೆ ಆ ಗುಡೂರಿನ ಹುಡುಗನಿಗೂ ಹೇಳಿದೆ. "ಸೀರಿ ಹೆಸರಿಡೂ ದಿನ ಒಯ್ಯಿ. ಈಗ ಹೋಗಿ ಅಲ್ಲಿ ನರ್ಸಬಾಯಿನ ಕೇಳು, ಕೂಸಿನ್ನ ನಾ ಎದಿಮ್ಯಾಲ ಹಾಕ್ಕೋಬಹುದೇನ್ರಿ ಅಂತ. ಹೂಂ ಅಂದ್ರ ಅಂಗಿ ಬಿಚ್ಚಿ ಕುಂದರು."

"ವ್ಯಾಪಾರ ಬಿಟ್ಟು ಅಂಗಿ ಬಿಚ್ಚು ಅಂತೀರಲ್ರಿ," ಎಂದು ನಕ್ಕ. ಆದರೆ ನಿಲ್ಲಲಿಲ್ಲ. ಸೈಕಲ್ ಮೋಟಾರು ಚಾಲೂ ಮಾಡಿದ್ದು ಕೇಳಿಸಿತು. ಅವನು ನೋಡುತ್ತಿದ್ದ ಹಸಿರು ಸೀರೆ ಗಾದಿಯ ಮೇಲೆ ಬಿಚ್ಚಿದಂತೆಯೇ ಉಳಿಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಮಗಳು ಬಂದಳು. ಆವತ್ತು ನನ್ನ ಬೆರಳು ಹಿಡಿದವಳೇ, ಈಗ ನಾಲ್ಕನೆಯ ಇಯತ್ತೆ ಓದುತ್ತಾಳೆ, ಒಂದು ಕಡೆ ಕೂಡುವ ಜಾತಿಯಲ್ಲ. "ಅಪ್ಪಾ, ಈ ಸೀರಿ ಮಡಚಲೇನು?" ಎಂದಳು.

"ಬ್ಯಾಡ, ಇರಲಿ."

"ಗಿರಾಕಿ ಹೋದನಲ್ಲ."

"ಹೋಗ್ಯಾನ. ವ್ಯಾಪಾರ ಇನ್ನೂ ಮುರದಿಲ್ಲ."

ಇವತ್ತಿಗೂ ಅದು ಬಿಚ್ಚಿಯೇ ಇದೆ. ಬಂದ ಗಿರಾಕಿಗಳು ಕೇಳುತ್ತಾರೆ, ಕೊಡುವುದಿಲ್ಲ ಎನ್ನುತ್ತೇನೆ. ರಸ್ತೆಯಲ್ಲಿ ಮೋಟಾರಿನ ಸಪ್ಪಳವಾದರೆ ಎದ್ದು ಬಾಗಿಲಿಗೆ ಹೋಗಿ, ನೋಡಿ ಬಂದು ಕೂಡುತ್ತೇನೆ.